ಶೌಚಗೃಹದ ದುರಸ್ತಿಯೂ ಮನೆಯ ಆರೋಗ್ಯವೂ

ಮನೆಯನ್ನು ಕೊಳ್ಳುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ ದೇವರ ಕೋಣೆ ಯಾವ ದಿಕ್ಕಿಗಿದೆ, ಅಡಿಗೆಮನೆಗೆ ಬೆಳಕು ಸಾಕಷ್ಟಿದೆಯೇ, ಪಡಸಾಲೆಯಲ್ಲಿ ಬಂದುಹೋಗುವವರಿಗೆ ಸ್ಥಳವಿದೆಯೇ ಎಂಬುದರ ಕಡೆಗೆ ಗೃಹಸ್ಥನ ಗಮನವೆಲ್ಲ ಹರಿಯುವುದು ಸಹಜವೇ ಆಗಿದೆ. ಶೌಚಗೃಹದ ವಿಚಾರ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಂದರೂ ಗೋಡೆಯ ಟೈಲ್ಸಿನ ಬಣ್ಣವನ್ನು ಆರಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಮುಂದೆ ಒಂದು ದಿನ ನೀರು ಹೋಗದೆ ನಿಂತಾಗ, ಇಲ್ಲವೆ ಕೆಳಗಿನ ಮನೆಯವರು ತಮ್ಮ ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಿದೆಯೆಂದು ಬಾಗಿಲು ಬಡಿದಾಗ, ಅವಸರದಲ್ಲಿ ಸಿಕ್ಕಿದ ಪ್ಲಂಬರನನ್ನು ಕರೆತರಲಾಗುತ್ತದೆ. ಅವನು ಏನು ಮಾಡಿದನೆಂಬುದನ್ನು ಯಾರೂ ನೋಡುವುದಿಲ್ಲ. ನೀರು ಹೋಯಿತು, ದುಡ್ಡು ಕೊಟ್ಟದ್ದಾಯಿತು, ಮಾತು ಮುಗಿಯಿತು.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಶೌಚಗೃಹವೆಂಬುದು ಕೇವಲ ಮನೆಯ ಒಂದು ಸೌಕರ್ಯವಲ್ಲ. ಅದು ರೋಗವನ್ನು ಮನೆಯಿಂದ ಹೊರಗಿಡುವ ಒಂದು ಯಂತ್ರ. ಆ ಯಂತ್ರವನ್ನು ಕೂಡಿಸುವ ಇಲ್ಲವೆ ಕೆಡಿಸುವ ಕೈ ಪ್ಲಂಬರನದು. ಆ ಕೈಯನ್ನು ಸರಿಯಾಗಿ ಆರಿಸಿಕೊಳ್ಳುವುದಕ್ಕೂ ಅದು ಮಾಡಿದ ಕೆಲಸವನ್ನು ಪರೀಕ್ಷಿಸುವುದಕ್ಕೂ ಗೃಹಸ್ಥನಿಗೆ ನಾಲ್ಕಾರು ವಿಷಯಗಳ ತಿಳಿವಳಿಕೆ ಇದ್ದರೆ ಸಾಕು. ಅವುಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿತ್ತಿಲಿನಿಂದ ಮನೆಯೊಳಗೆ

ಧಾರವಾಡ, ವಿಜಾಪುರ, ಕಾರವಾರ, ಉಡುಪಿಗಳ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳ ಹಿರಿಯರಿಗೆ ಊರಿನ ಮನೆಯ ರಚನೆ ಇನ್ನೂ ನೆನಪಿರಬಹುದು. ಅಲ್ಲಿ ಪಾಯಿಖಾನೆ ಹಿತ್ತಿಲಿನ ತುದಿಯಲ್ಲಿ, ಬಾವಿಯಿಂದಲೂ ಅಡಿಗೆಮನೆಯಿಂದಲೂ ದೂರವಿರುತ್ತಿತ್ತು. ಪುಣೆಯ ಪೇಟೆಗಳ ವಾಡೆಗಳಲ್ಲಿಯೂ ಚಾಳುಗಳಲ್ಲಿಯೂ ಹಲವು ಬಿಡಾರಗಳಿಗೆ ಸೇರಿ ಒಂದು ಮೂಲೆಯಲ್ಲಿ ಸಂಡಾಸಿನ ಸಾಲು ಇರುತ್ತಿತ್ತು. ಅಂದಿನ ವ್ಯವಸ್ಥೆಯಲ್ಲಿ ಅನನುಕೂಲ ಬಹಳ. ಅದಕ್ಕಿಂತ ಹೆಚ್ಚಾಗಿ, ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸುವ ಅಮಾನುಷ ಪದ್ಧತಿ ಅದಕ್ಕೆ ಅಂಟಿಕೊಂಡಿತ್ತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಈ ಪದ್ಧತಿಯನ್ನು ನಿಷೇಧಿಸಿದುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಮುಂದೆ 1993ರಲ್ಲಿಯೂ 2013ರಲ್ಲಿಯೂ ಕೇಂದ್ರ ಶಾಸನಗಳು ಬಂದವು.

ಈಗ ಫ್ಲ್ಯಾಟುಗಳಲ್ಲಿ ಶೌಚಗೃಹವು ಮಲಗುವ ಕೋಣೆಗೆ ತಗಲಿಕೊಂಡೇ ಇರುತ್ತದೆ. ಕೆಲವೆಡೆ ಅದರ ಗೋಡೆಯ ಆಚೆಯೇ ಅಡಿಗೆಯ ಕಟ್ಟೆ. ಹಿಂದಿನ ಕಾಲದಲ್ಲಿ ಮನೆಯನ್ನು ಕಾಯುತ್ತಿದ್ದುದು ದೂರ. ಆ ದೂರವು ಈಗ ಇಲ್ಲ. ಹಾಗಾದರೆ ಹತ್ತು ಮಹಡಿಗಳ ಮಲವನ್ನು ಹೊತ್ತೊಯ್ಯುವ ಕೊಳವೆಗೂ ಮಗು ಮಲಗಿದ ಕೋಣೆಗೂ ನಡುವೆ ಇರುವ ತಡೆ ಯಾವುದು? ಅದು ಕೇವಲ ಎರಡು ಅಂಗುಲ ನೀರು.

ಎರಡು ಅಂಗುಲದ ನೀರಿನ ಬೀಗ

ಕಮೋಡಿನ ತಳದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಹರಿದುಹೋಗಲಾರದೆ ಉಳಿದ ನೀರಲ್ಲ. ಬೇಕೆಂದೇ ನಿಲ್ಲಿಸಿದ ನೀರು. ಹೊರಹೋಗುವ ಕೊಳವೆಯನ್ನು ಹಂಸದ ಕೊರಳಿನಂತೆ ಬಾಗಿಸಿ, ಆ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ತುಂಬಿರುವಂತೆ ಮಾಡಲಾಗಿರುತ್ತದೆ. ಇದಕ್ಕೆ ಟ್ರ್ಯಾಪ್ ಎಂದು ಹೆಸರು. ಮೇಲಿನಿಂದ ನೀರು ರಭಸವಾಗಿ ಬಂದಾಗ ಮಲವು ಬಾಗನ್ನು ದಾಟಿ ಹೋಗುತ್ತದೆ. ಅನಂತರ ಹೊಸ ನೀರು ಬಂದು ಬಾಗಿನಲ್ಲಿ ನಿಲ್ಲುತ್ತದೆ. ಕೊಳವೆಯೊಳಗಿನ ದುರ್ಗಂಧ, ವಿಷವಾಯು, ಜಿರಲೆ, ರೋಗಾಣುಗಳನ್ನು ಹೊತ್ತ ತುಂತುರು ಇವಾವುವೂ ಈ ನೀರನ್ನು ದಾಟಿ ಬರಲಾರವು. ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ 1775ರಲ್ಲಿ ಇಂಥ ಬಾಗುಕೊಳವೆಯುಳ್ಳ ಶೌಚಪಾತ್ರೆಗೆ ಪೇಟೆಂಟ್ ಪಡೆದನು. ಎರಡೂವರೆ ಶತಮಾನ ಕಳೆದರೂ ಇದಕ್ಕಿಂತ ಸರಳವಾದ, ಅಗ್ಗವಾದ ಉಪಾಯ ರೂಢಿಗೆ ಬಂದಿಲ್ಲ.

ಸ್ನಾನದ ಕೋಣೆಯ ನೆಲದ ಜಾಲರಿಯ ಕೆಳಗೂ ಇಂಥದೇ ಒಂದು ಬೀಗವಿರುತ್ತದೆ. ಪುಣೆ, ಮುಂಬಯಿಗಳ ಪ್ಲಂಬರರು ಅದನ್ನು ‘ನ್ಹಾಣಿ ಟ್ರ್ಯಾಪ್’ ಎನ್ನುತ್ತಾರೆ. ಕಮೋಡಿನ ಬೀಗ ಕಣ್ಣಿಗೆ ಕಾಣುತ್ತದೆ. ನ್ಹಾಣಿ ಟ್ರ್ಯಾಪಿನ ಬೀಗ ಕಾಣುವುದಿಲ್ಲವಾದ್ದರಿಂದ ಅದು ಒಣಗಿದರೂ ಯಾರಿಗೂ ತಿಳಿಯುವುದಿಲ್ಲ.

ಒಣಗಿದರೆ ಏನಾದೀತು ಎಂಬುದಕ್ಕೆ ಹಾಂಗ್‌ಕಾಂಗ್ ನಗರದ ಉದಾಹರಣೆ ಜಗತ್ತಿನ ಮುಂದಿದೆ. 2003ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿಯ ಅಮೋಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಗಳಲ್ಲಿ ಸಾರ್ಸ್ ರೋಗವು 300ಕ್ಕೂ ಹೆಚ್ಚು ಜನರಿಗೆ ತಗಲಿತು. ರೋಗಿಯೊಬ್ಬನು ಅಲ್ಲಿಗೆ ಬಂದಿದ್ದನು. ಅವನಿಗೆ ಭೇದಿಯೂ ಇತ್ತು. ವಿಚಾರಣೆ ನಡೆಸಿದವರಿಗೆ ಅನೇಕ ಮನೆಗಳ ನೆಲದ ಟ್ರ್ಯಾಪುಗಳಲ್ಲಿ ನೀರಿಲ್ಲದಿದ್ದುದು ಕಂಡುಬಂದಿತು. ಸ್ನಾನಗೃಹದ ಫ್ಯಾನು ಗಾಳಿಯನ್ನು ಹೊರಗೆ ಎಳೆದಾಗ, ಒಣಗಿದ ಟ್ರ್ಯಾಪಿನ ಮೂಲಕ ಮಲದ ಕೊಳವೆಯ ಗಾಳಿ ಒಳಗೆ ನುಗ್ಗಿ ರೋಗ ಹರಡಿತೆಂದು ಅವರು ನಿರ್ಣಯಿಸಿದರು. ಒಂದು ತಂಬಿಗೆ ನೀರು ತಡೆಯಬಹುದಾಗಿದ್ದ ದಾರಿಯದು.

ಪುಣೆಯ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೇಸಿಗೆಯ ರಜೆಯಲ್ಲಿ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಿಗೆ ಹೋಗುವುದು ಅನೇಕ ಕುಟುಂಬಗಳ ವಾಡಿಕೆ. ಪುಣೆಯ ಏಪ್ರಿಲ್, ಮೇ ತಿಂಗಳುಗಳ ಒಣ ಬಿಸಿಲಿಗೆ ನ್ಹಾಣಿ ಟ್ರ್ಯಾಪಿನ ನೀರು ಆರಿಹೋಗುತ್ತದೆ. ಬಾಗಿಲಿನ ಬೀಗ ಭದ್ರವಾಗಿರುತ್ತದೆ, ನೀರಿನ ಬೀಗ ತೆರೆದಿರುತ್ತದೆ! ಹೊರಡುವ ದಿನ ಪ್ರತಿ ಜಾಲರಿಗೂ ಒಂದು ಬಕೆಟು ನೀರು ಸುರಿದು, ಮೇಲೆ ನಾಲ್ಕು ಚಮಚ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಮರಳಿ ಬಂದ ಕೂಡಲೆ ಕಿಟಕಿಗಳನ್ನು ತೆರೆದು, ಎಲ್ಲ ಜಾಲರಿಗಳಿಗೂ ನೀರು ಹಾಕಿ, ಅನಂತರ ಫ್ಯಾನನ್ನು ಹಚ್ಚಬೇಕು.

ಕುಡಿಯುವ ನೀರಿಗೆ ಮಲ ಸೇರುವ ದಾರಿ

ಎರಡನೆಯ ಅಪಾಯ ನೀರಿನದು. ಪೇಶ್ವೆಯರ ಕಾಲದಲ್ಲಿ ಕಾತ್ರಜದ ಕೆರೆಯಿಂದ ಕಾಲುವೆಯ ಮೂಲಕ ಪುಣೆಯ ಹೌದುಗಳಿಗೆ ನೀರು ಬರುತ್ತಿತ್ತು. ಇಂದು ಖಡಕವಾಸ್ಲಾ ಮತ್ತು ಅದರ ಮೇಲಿನ ಅಣೆಕಟ್ಟುಗಳ ನೀರು ನಗರಕ್ಕೆ ಆಧಾರ. ಆದರೆ ಅನೇಕ ಭಾಗಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ, ಅದರಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಒತ್ತಡ ಇಳಿದು, ಅದೇ ಬಿರುಕಿನ ಮೂಲಕ ಹೊರಗಿನ ಕೊಳೆ ಒಳಕ್ಕೆ ಸೇದಲ್ಪಡುತ್ತದೆ. ಸನಿಹದಲ್ಲಿಯೇ ಮಲದ ಕೊಳವೆ ಸೋರುತ್ತಿದ್ದರೆ ಪರಿಣಾಮವನ್ನು ಹೇಳಬೇಕಾಗಿಲ್ಲ.

ದಿಲ್ಲಿಯಲ್ಲಿ 1955ರ ಕೊನೆ ಮತ್ತು 1956ರ ಆರಂಭದಲ್ಲಿ ಕುಡಿಯುವ ನೀರಿನ ಮೂಲಕ್ಕೆ ಚರಂಡಿಯ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಇಂದು ಹೆಪಟೈಟಿಸ್ ‘ಇ’ ಎಂದು ಕರೆಯಲ್ಪಡುವ ರೋಗವೆಂದು ಮುಂದೆ ತಿಳಿದುಬಂದಿತು. ಈ ರೋಗವು ಗರ್ಭಿಣಿಯರಿಗೆ, ಅದರಲ್ಲಿಯೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಂತಿಕವಾಗಬಲ್ಲದು. ಪುಣೆಯಲ್ಲಿಯೇ 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆಯ ಕಿರ್ಕಟವಾಡಿ, ನಾಂದೇಡ, ಧಾಯರಿ ಮೊದಲಾದ ಭಾಗಗಳಲ್ಲಿ ಗೀಯಾಂ ಬಾರೆ ಎಂಬ ನರಗಳ ಕಾಯಿಲೆ ಕಾಣಿಸಿಕೊಂಡು, ಒಟ್ಟು 200ಕ್ಕೂ ಹೆಚ್ಚು ಸಂಶಯಿತ ರೋಗಿಗಳು ದಾಖಲೆಗೆ ಬಂದರು. ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯ ಪರೀಕ್ಷೆಗಳಲ್ಲಿ ಅನೇಕ ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಕಂಡಿತು. ಮಲಿನವಾದ ನೀರು, ಆಹಾರಗಳ ಮೂಲಕ ಕರುಳನ್ನು ಸೇರುವ ಈ ಅಣುವು ಭೇದಿಯನ್ನುಂಟುಮಾಡುತ್ತದೆ. ಕೆಲವರಲ್ಲಿ ಅನಂತರ ಶರೀರದ ರಕ್ಷಣಾಶಕ್ತಿಯೇ ತಪ್ಪಾಗಿ ನರಗಳ ಮೇಲೆ ತಿರುಗಿಬಿದ್ದು ಕೈಕಾಲುಗಳು ಶಕ್ತಿಗುಂದುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಹೆಪಟೈಟಿಸ್ ‘ಇ’ಯ ಅಣು ಹೊಟ್ಟೆಯನ್ನು ಸೇರಿದ ಮೇಲೆ ರೋಗ ತೋರಲು ಎರಡರಿಂದ ಹತ್ತು ವಾರ, ಸಾಮಾನ್ಯವಾಗಿ ಐದಾರು ವಾರ ಹಿಡಿಯುತ್ತದೆ. ದೀಪಾವಳಿಗೆ ಮುನ್ನ ಅವಸರದಲ್ಲಿ ಮಾಡಿಸಿದ ತಪ್ಪು ಜೋಡಣೆಯ ಫಲ ಡಿಸೆಂಬರಿನಲ್ಲಿ ಕಾಣಿಸಬಹುದು. ಆ ವೇಳೆಗೆ ಪ್ಲಂಬರನ ಮುಖವೂ ಮರೆತುಹೋಗಿರುತ್ತದೆ. ಮದುವೆಯ ಮನೆಯ ಊಟವನ್ನೋ ಬೀದಿಯ ಭೇಲ್‌ಪುರಿಯನ್ನೋ ದೂರಲಾಗುತ್ತದೆ. ರೋಗದ ಲೆಕ್ಕವನ್ನು ಬರೆಯುವವರು ಖರ್ಚಿನ ಕಾರಣವನ್ನು ತಪ್ಪು ಖಾತೆಗೆ ಹಾಕಿದಂತೆಯೇ ಇದು.

ಮನೆಯೊಳಗೂ ಇಂಥ ಬೆರಕೆ ನಡೆಯುವ ಒಂದು ಸ್ಥಳವಿದೆ. ಕಮೋಡಿನ ಪಕ್ಕದ ತುಂತುರು ನಳದ ಬಾಯಿಯನ್ನು ಪಾತ್ರೆಯ ನೀರಿನಲ್ಲಿಯೋ ಮೈಲಿಗೆ ನೀರಿನ ಬಕೆಟಿನಲ್ಲಿಯೋ ಮುಳುಗಿಸಿ, ಗೋಡೆಯ ನಳವನ್ನು ತೆರೆದೇ ಬಿಟ್ಟಿದ್ದರೆ, ಮೇಲಿನ ಟಾಕಿ ಬರಿದಾದಾಗ ಆ ಕೊಳೆ ಹಿಂದಕ್ಕೆ ಸೇದಿಕೊಳ್ಳಬಹುದು. ಆದುದರಿಂದ ತುಂತುರು ನಳವನ್ನು ಯಾವಾಗಲೂ ಕೊಕ್ಕೆಗೆ ತೂಗುಹಾಕಬೇಕು. ಉಪಯೋಗವಾದ ಮೇಲೆ ಗೋಡೆಯ ನಳವನ್ನು ತಿರುಗಿಸಿ ಮುಚ್ಚಬೇಕು.

ದುರಸ್ತಿಯೇ ಸಾಕೆ, ಹೊಸದು ಬೇಕೆ?

ಪ್ಲಂಬರನನ್ನು ಕರೆಯುವ ಮುನ್ನ ದೋಷವೆಲ್ಲಿದೆ ಎಂಬುದನ್ನು ಮನೆಯವರೇ ಸ್ವಲ್ಪ ನೋಡಿಕೊಂಡರೆ ಅನಾವಶ್ಯಕ ಖರ್ಚು ತಪ್ಪುತ್ತದೆ.

ಫ್ಲಶ್ ಟ್ಯಾಂಕಿನ ಸೋರಿಕೆ: ಟ್ಯಾಂಕಿನ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಬೇಕು. ಕಮೋಡಿನ ನೀರಿಗೆ ನೀಲಿ ಬಣ್ಣ ಬಂದಿದ್ದರೆ ಒಳಗಿನ ರಬ್ಬರು ಸವೆದಿದೆ. ಹತ್ತು ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ದಿನಕ್ಕೆ 144 ಲೀಟರ್, ತಿಂಗಳಿಗೆ 4,320 ಲೀಟರ್ ಆಗುತ್ತದೆ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಯೋಜನೆಗಳಲ್ಲಿ ಹಿಡಿಯುವ ಪ್ರಮಾಣ. ಅಂದರೆ ಕಾಣದ ಒಬ್ಬ ಅತಿಥಿಯನ್ನು ವರ್ಷವಿಡೀ ಇಟ್ಟುಕೊಂಡಂತಾಯಿತು. ಇದಕ್ಕೆ ಟ್ಯಾಂಕನ್ನು ಬದಲಿಸಬೇಕಾಗಿಲ್ಲ. ಒಂದು ವಾಶರು ಅಥವಾ ವಾಲ್ವು ಸಾಕು.

ನೀರು ನಿಲ್ಲುವುದು: ಒಂದೇ ಕಮೋಡಿನಲ್ಲಿ ನಿಂತರೆ ದೋಷ ಅಲ್ಲಿಯೇ ಇದೆ, ರಬ್ಬರಿನ ಬಟ್ಟಲಿನ ಒತ್ತುಕೋಲಿನಿಂದ ಪ್ರಯತ್ನಿಸಬಹುದು. ಮನೆಯ ಎಲ್ಲ ಜಾಲರಿಗಳಲ್ಲಿಯೂ ನೀರು ಏರುತ್ತಿದ್ದರೆ ದೋಷ ಹೊರಗಿನ ಕೊಳವೆಯಲ್ಲಿ ಅಥವಾ ಚೇಂಬರಿನಲ್ಲಿದೆ. ಅದನ್ನು ಸೊಸೈಟಿಗೆ ತಿಳಿಸಬೇಕು.

ಗುಳುಗುಳು ಸದ್ದು ಮತ್ತು ವಾಸನೆ: ಮೇಲಿನ ಮನೆಯವರು ಫ್ಲಶ್ ಮಾಡಿದಾಗ ಕೆಳಗಿನ ಮನೆಯ ಟ್ರ್ಯಾಪು ಗುಳುಗುಳಿಸಿದರೆ, ಗಾಳಿಕೊಳವೆ ಮುಚ್ಚಿಹೋಗಿದೆಯೆಂದು ಸಂದೇಹಪಡಬೇಕು. ಮಲದ ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಬೆಳೆಸಿ ಬಾಯಿ ತೆರೆದಿಡುವುದು ಒಳಗಿನ ಒತ್ತಡ ಸಮನಾಗಿರಲೆಂದು. ಯಾರಾದರೂ ವಾಸನೆಗೆ ಬೇಸತ್ತು ಅದಕ್ಕೆ ಮುಚ್ಚಳ ಬಡಿದರೆ, ನೀರು ಬೀಳುವ ರಭಸಕ್ಕೆ ಕೆಳಗಿನ ಮನೆಗಳ ನೀರಿನ ಬೀಗವೇ ಸೇದಿಹೋಗುತ್ತದೆ.

ಕೆಳಮನೆಯ ಮಾಳಿಗೆಯ ತೇವ: ನೀರನ್ನು ಉಪಯೋಗಿಸದಾಗಲೂ ತೇವ ಹೆಚ್ಚುತ್ತಿದ್ದರೆ ಒತ್ತಡದ ನೀರಿನ ಕೊಳವೆ ಸೋರುತ್ತಿದೆ, ಸ್ನಾನ ಅಥವಾ ಫ್ಲಶ್ ಆದ ಮೇಲೆ ಮಾತ್ರ ಹೆಚ್ಚಿದರೆ ಹೊರಹೋಗುವ ಕೊಳವೆಯ ಸಂದು ಇಲ್ಲವೆ ನೆಲದ ಜಲನಿರೋಧ ಕೆಟ್ಟಿದೆ. ಮೇಲೆ ಬಿಳಿ ಸಿಮೆಂಟು ತುಂಬಿ ಮುಗಿಸುವುದು ಗಾಯಕ್ಕೆ ಬಣ್ಣ ಹಚ್ಚಿದಂತೆ.

ಹೊಸದನ್ನೇ ಕೂಡಿಸಬೇಕಾದ ಪ್ರಸಂಗಗಳೂ ಉಂಟು. ಪಾತ್ರೆಯಲ್ಲಿ ಕೂದಲೆಳೆಯ ಬಿರುಕು ಬಿದ್ದರೆ ಅದಕ್ಕೆ ಚಿಕಿತ್ಸೆಯಿಲ್ಲ. ಮನೆಯಲ್ಲಿ ವೃದ್ಧರಿದ್ದರೆ ಇನ್ನೊಂದು ಕಾರಣ ಹುಟ್ಟುತ್ತದೆ. ಊರಿನಿಂದ ಬಂದು ಮಗನ ಮನೆಯಲ್ಲಿ ನಿಂತ ತಾಯಿ, ಮೊಣಕಾಲು ಮಡಿಸಲಾರದೆ, ಯಾರಿಗೂ ಹೇಳಲೂ ಆರದೆ, ಶೌಚಗೃಹಕ್ಕೆ ಹೋಗುವುದನ್ನು ಕಡಿಮೆ ಮಾಡಲು ನೀರು ಕುಡಿಯುವುದನ್ನೇ ಬಿಡುತ್ತಾಳೆ. ಅದರಿಂದ ಮಲಬದ್ಧತೆ ಬರುತ್ತದೆ, ಮೂತ್ರದ ಸೋಂಕು ಬರುತ್ತದೆ. ಒಮ್ಮೆ ಜಾರಿಬಿದ್ದು ತೊಡೆಯ ಮೂಳೆ ಮುರಿದರೆ ಅವಳು ಮತ್ತೆ ಮೊದಲಿನಂತೆ ಏಳುವುದು ಕಷ್ಟ. ಆಸ್ಪತ್ರೆಯ ಬಿಲ್ಲಿನ ಮುಂದೆ ಕಮೋಡಿನ ಬೆಲೆ ಲೆಕ್ಕಕ್ಕೇ ಬಾರದು. ಕಮೋಡನ್ನು ಕೂಡಿಸುವಾಗಲೇ ಕೈಯಾಸರೆಗೆ ಉಕ್ಕಿನ ಹಿಡಿಯನ್ನು ಟೈಲ್ಸಿಗಲ್ಲದೆ ಇಟ್ಟಿಗೆಯ ಗೋಡೆಗೇ ತಿರುಪು ಹಾಯಿಸಿ ಹಾಕಿಸಬೇಕು; ಬಾಗಿಲಿನ ಚಿಲಕ ಹೊರಗಿನಿಂದಲೂ ತೆರೆಯುವಂಥದಿರಬೇಕು.

ಪ್ಲಂಬರನ ಆಯ್ಕೆ

ಪುಣೆಯಲ್ಲಿ ಪ್ಲಂಬರನನ್ನು ಹುಡುಕುವ ದಾರಿಗಳು ಹಲವು. ಹಾರ್ಡ್‌ವೇರ್ ಅಂಗಡಿಯವನು ಒಬ್ಬನನ್ನು ಕಳಿಸುತ್ತಾನೆ. ಸೊಸೈಟಿಯ ಕಾವಲುಗಾರನು ಒಬ್ಬನನ್ನು ಸೂಚಿಸುತ್ತಾನೆ. ಈಚೆಗೆ ಮೊಬೈಲಿನ ಮೂಲಕವೂ ಕರೆಯಿಸಬಹುದು. ಇವುಗಳಲ್ಲೆಲ್ಲ ಉತ್ತಮವಾದದ್ದು, ಅದೇ ಕಟ್ಟಡದಲ್ಲಿ ಒಂದು ಮಳೆಗಾಲ ಕಳೆದ ಮೇಲೂ ದೂರು ಬಾರದಂತೆ ಕೆಲಸ ಮಾಡಿದವನನ್ನು ವಿಚಾರಿಸುವುದು. ಕಟ್ಟಡದ ಕೊಳವೆಗಳು ಎಲ್ಲಿ ಹಾಯುತ್ತವೆಂಬುದು ಅವನಿಗೆ ಗೊತ್ತಿರುತ್ತದೆ.

ದೇಶದ ಅನೇಕ ನಗರಗಳಲ್ಲಿ ಈ ಕಸಬಿನವರು ಒಡಿಶಾದ ಕೇಂದ್ರಾಪಡಾ ಜಿಲ್ಲೆಯಿಂದ ಬಂದವರು. ಅಲ್ಲಿಯ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸುವ ಸರಕಾರಿ ಸಂಸ್ಥೆಯೇ ಇದೆ. ಕನ್ನಡಿಗನು ಹೊಟ್ಟೆಪಾಡಿಗಾಗಿ ಪುಣೆಗೆ ಬಂದಂತೆ ಅವನೂ ಬಂದಿದ್ದಾನೆ. ಮನೆಯ ಅತ್ಯಂತ ಹೊಲಸಾದ ಕೆಲಸವನ್ನು ಮಾಡುವನೆಂಬ ಕಾರಣಕ್ಕೆ ಅವನಿಗೆ ಕುಡಿಯಲು ಬೇರೆ ಲೋಟ ತೆಗೆದಿಡುವುದು ವಿದ್ಯಾವಂತರ ಮನೆಗೆ ಶೋಭಿಸುವ ನಡತೆಯಲ್ಲ. ಕೈ ತೊಳೆಯಲು ಸಾಬೂನು, ಕುಡಿಯಲು ಚಹ, ಎರಡು ಒಳ್ಳೆಯ ಮಾತು ಇವು ಮಜೂರಿಯ ಭಾಗವಲ್ಲದಿದ್ದರೂ ಕೆಲಸದ ಗುಣವನ್ನು ಹೆಚ್ಚಿಸುತ್ತವೆ.

ಬಂದವನಿಗೆ ಮೂರು ಪ್ರಶ್ನೆಗಳನ್ನು ಕೇಳಬೇಕು. ‘ಟ್ರ್ಯಾಪಿನಲ್ಲಿ ಎಷ್ಟು ನೀರು ನಿಲ್ಲಬೇಕು? ಇದರ ಗಾಳಿಕೊಳವೆ ಎಲ್ಲಿದೆ? ಕೆಲಸ ಮುಗಿದ ಮೇಲೆ ಸೋರಿಕೆಯನ್ನು ಹೇಗೆ ಪರೀಕ್ಷಿಸುವೆ?’ ತಿಳಿದವನು ಕೂಡಲೆ ಉತ್ತರ ಹೇಳುತ್ತಾನೆ, ಸಂತೋಷವನ್ನೂ ಪಡುತ್ತಾನೆ. ನೋಡದೆಯೇ ‘ಎಲ್ಲ ಒಡೆಯಬೇಕು’ ಎನ್ನುವವನನ್ನೂ, ನೋಡದೆಯೇ ‘ಅರ್ಧ ಗಂಟೆಯ ಕೆಲಸ’ ಎನ್ನುವವನನ್ನೂ ಬಾಗಿಲಿನಿಂದಲೇ ಕಳಿಸುವುದು ಲೇಸು.

ಭಾಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮರಾಠಿಯಲ್ಲಿ ‘ತುಂಬಣೆ’ ಎಂದರೆ ಕಟ್ಟಿಕೊಳ್ಳುವುದು; ಕನ್ನಡದ ‘ತುಂಬು’ವಿಗೆ ಮರಾಠಿಯಲ್ಲಿ ‘ಭರಣೆ’. ಹೊಸದಾಗಿ ಬಂದ ಗೃಹಿಣಿ ‘ಟಾಕೀ ತುಂಬಲೀ’ ಎಂದರೆ ಟಾಕಿ ನೀರಿನಿಂದ ತುಂಬಿತೆಂದಲ್ಲ, ಕಟ್ಟಿಕೊಂಡಿತೆಂದು ಪ್ಲಂಬರನು ತಿಳಿಯುತ್ತಾನೆ. ‘ಉತಾರ’ ಎಂದೊಡನೆ ಧಾರವಾಡದ ಕಡೆಯವರಿಗೆ ಹೊಲದ ಪಹಣಿ ನೆನಪಾಗುತ್ತದೆ. ಇಲ್ಲಿಯ ಗವಂಡಿಯ ಬಾಯಲ್ಲಿ ಅದು ನೆಲದ ಇಳಿಜಾರು. ‘ವಾಸ’ ಎಂದರೆ ವಾಸನೆ, ‘ಗಳತೀ’ ಎಂದರೆ ಸೋರಿಕೆ, ‘ಓಲ’ ಎಂದರೆ ಗೋಡೆಯ ತೇವ. ಈ ನಾಲ್ಕಾರು ಶಬ್ದಗಳು ಬಂದರೆ ಅರ್ಧ ಕೆಲಸ ಸುಗಮವಾಗುತ್ತದೆ.

ಲೆಕ್ಕ ಮತ್ತು ಕರಾರು

ಸಣ್ಣ ಕೆಲಸವಾದರೂ ಕಾಗದದ ಮೇಲೆ ಬರೆದುಕೊಳ್ಳುವುದು ಇಬ್ಬರಿಗೂ ಹಿತ. ಸಾಮಾನಿನ ಖರ್ಚು, ಮಜೂರಿ, ಒಡೆದ ಟೈಲ್ಸನ್ನು ಮತ್ತೆ ಕೂಡಿಸುವ ಗವಂಡಿಯ ಕೂಲಿ, ರಾಡಿಯನ್ನು ಸಾಗಿಸುವ ಖರ್ಚು ಇವನ್ನು ಪ್ರತ್ಯೇಕವಾಗಿ ಬರೆಯಿಸಬೇಕು. ಜಗಳಗಳು ಸಾಮಾನ್ಯವಾಗಿ ಕೊನೆಯ ಎರಡರಲ್ಲಿಯೇ ಹುಟ್ಟುತ್ತವೆ. ಸಾಮಾನನ್ನು ಗೃಹಸ್ಥನೇ ಜತೆಗೆ ಹೋಗಿ ಪಕ್ಕಾ ಪಾವತಿಯೊಡನೆ ಕೊಳ್ಳುವುದು ಒಳ್ಳೆಯದು. ಮುಂಗಡವಾಗಿ ಸಾಮಾನಿನ ಹಣವನ್ನು ಮಾತ್ರ ಕೊಟ್ಟು, ಮಜೂರಿಯನ್ನು ಕೆಲಸದ ಪರೀಕ್ಷೆಯಾದ ಮೇಲೆ ಕೊಡಬೇಕು. ಒಡೆದು ಕಟ್ಟುವ ದೊಡ್ಡ ಕೆಲಸವಾದರೆ ಮಜೂರಿಯ ಕಾಲು ಭಾಗವನ್ನು ಒಂದು ವಾರ ತಡೆದಿಡುವುದಾಗಿ ಮೊದಲೇ ಹೇಳಬೇಕು; ಕೆಲಸ ಸರಿಯಾಗಿದ್ದರೆ ಆ ದಿನ ಬಂದ ಕೂಡಲೆ, ಕೇಳಿಸಿಕೊಳ್ಳದೆಯೇ ಕೊಟ್ಟುಬಿಡಬೇಕು. ದುಡಿದವನ ಹಣವನ್ನು ನೆಪ ಹೇಳಿ ಉಳಿಸಿಕೊಳ್ಳುವುದು ವ್ಯವಹಾರವಲ್ಲ.

ಸಾಮಾನಿನ ಮೇಲೆ ಐ.ಎಸ್.ಐ. ಮುದ್ರೆಯನ್ನೂ ಅದರೊಡನೆ ಇರುವ ಸಂಖ್ಯೆಯನ್ನೂ ನೋಡಬೇಕು. ಪಿಂಗಾಣಿಯ ಶೌಚಪಾತ್ರೆಗಳಿಗೆ 2556, ಮಲ ಮತ್ತು ಕೊಳೆನೀರಿನ ಪಿ.ವಿ.ಸಿ. ಕೊಳವೆಗಳಿಗೆ 13592, ಬಿಸಿ ಹಾಗೂ ತಣ್ಣೀರಿನ ಸಿ.ಪಿ.ವಿ.ಸಿ. ಕೊಳವೆಗಳಿಗೆ 15778 ಎಂಬುದು ಭಾರತೀಯ ಮಾನಕ ಸಂಖ್ಯೆ. ಕಮೋಡನ್ನು ಕೊಳ್ಳುವ ಮುನ್ನ, ಹಳೆಯ ರಂಧ್ರವು ನೆಲದಲ್ಲಿದೆಯೋ ಗೋಡೆಯಲ್ಲಿದೆಯೋ ನೋಡಿ, ನೆಲದಲ್ಲಿದ್ದರೆ ಹಿಂದಿನ ಗೋಡೆಯಿಂದ ರಂಧ್ರದ ಮಧ್ಯದವರೆಗಿನ ದೂರವನ್ನು ಅಳೆದುಕೊಂಡು ಹೋಗಬೇಕು. ಈ ಒಂದು ಅಳತೆ ತಪ್ಪಿದರೆ ಪ್ಲಂಬರನು ಅಡ್ಡ ಕೊಳವೆಯನ್ನು ತುರುಕಿ ಹೇಗೋ ಕೂಡಿಸುತ್ತಾನೆ. ಮುಂದೆ ಅಲ್ಲಿಯೇ ಮಲ ಕಟ್ಟಿಕೊಳ್ಳುತ್ತದೆ.

ನೀರಿನ ಉಳಿತಾಯದ ಲೆಕ್ಕವನ್ನೂ ನೋಡಬಹುದು. ಹಳೆಯ 10 ಲೀಟರಿನ ಟ್ಯಾಂಕನ್ನು ನಾಲ್ವರ ಕುಟುಂಬ ತಲಾ ಐದು ಸಲ ಬಳಸಿದರೆ ದಿನಕ್ಕೆ 200 ಲೀಟರ್ ಹೋಗುತ್ತದೆ. 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕಿನಲ್ಲಿ, ತಲಾ ಒಂದು ಸಲ ದೊಡ್ಡದು, ನಾಲ್ಕು ಸಲ ಚಿಕ್ಕದು ಎಂದು ಹಿಡಿದರೆ 72 ಲೀಟರ್ ಸಾಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಸೊಸೈಟಿಗಳಿಗೆ 128 ಲೀಟರ್ ಚಿಕ್ಕ ಮೊತ್ತವಲ್ಲ.

ಸೋರಿಕೆಯ ಖರ್ಚು ಯಾರದೆಂಬ ಪ್ರಶ್ನೆಯೂ ಏಳುತ್ತದೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳಂತೆ ಹೊರಗಿನ ಸಾಮಾನ್ಯ ಕೊಳವೆಗಳ ದುರಸ್ತಿ ಸೊಸೈಟಿಯದು. ಮನೆಯೊಳಗಿನ ಶೌಚಗೃಹದ ಸೋರಿಕೆಯ ದುರಸ್ತಿ ಆ ಸದಸ್ಯನದು. ಕೆಳಮನೆಯವರೊಡನೆ ವಾದಿಸುವ ಮೊದಲು ದೋಷವೆಲ್ಲಿದೆ ಎಂದು ಸೊಸೈಟಿಯ ಪದಾಧಿಕಾರಿಗಳ ಎದುರಿನಲ್ಲಿ ಪರೀಕ್ಷೆ ಮಾಡಿಸಿದರೆ ನೆರೆಹೊರೆಯ ಸ್ನೇಹವೂ ಉಳಿಯುತ್ತದೆ.

ಕೆಲಸದ ಪರೀಕ್ಷೆ

1. ನೆಲವನ್ನು ಒಡೆದು ಕಟ್ಟಿದಾಗ, ಜಲನಿರೋಧದ ಲೇಪನವಾದ ಮೇಲೆ, ಟೈಲ್ಸ್ ಕೂಡಿಸುವ ಮುನ್ನ, ಜಾಲರಿಗಳನ್ನು ಬಿಗಿದು ನೆಲದಲ್ಲಿ ನೀರು ನಿಲ್ಲಿಸಿ ಕನಿಷ್ಠ 24 ಗಂಟೆ ಬಿಡಬೇಕು. ಕೆಳಮನೆಯ ಮಾಳಿಗೆ ಒಣಗಿಯೇ ಇದ್ದರೆ ಮುಂದಿನ ಕೆಲಸ.

2. ಮಲದ ಅಡ್ಡ ಕೊಳವೆಗೆ ಸುಮಾರು 40 ಅಡಿಗೆ ಒಂದು ಅಡಿಯಂತೆ ಇಳಿಜಾರು ಇರಬೇಕು. ನೆಲಕ್ಕೆ ಸುರಿದ ನೀರು ತಾನೇ ಜಾಲರಿಯ ಕಡೆಗೆ ಹರಿಯಬೇಕು.

3. ಕಮೋಡು ತಿರುಪುಗಳ ಮೇಲೆ ಭದ್ರವಾಗಿ ನಿಂತಿರಬೇಕು, ಕುಳಿತಾಗ ಅಲುಗಾಡಕೂಡದು. ಅಲುಗಾಡಿದರೆ ಕೆಳಗಿನ ಸಂದು ಸಡಿಲಾಗಿ ಮಲ ಸೋರುತ್ತದೆ.

4. ಕಾಗದದ ಐದಾರು ತುಂಡುಗಳನ್ನು ಹಾಕಿ ಒಂದೇ ಫ್ಲಶ್ಶಿಗೆ ಹೋಗುವವೇ ಎಂದು ನೋಡಬೇಕು. ಅನಂತರ ಬಾಗಿನಲ್ಲಿ ನೀರು ಮೊದಲಿನ ಮಟ್ಟಕ್ಕೇ ಬಂದು ನಿಲ್ಲಬೇಕು. ಇದೇ ಮುಖ್ಯವಾದ ಪರೀಕ್ಷೆ.

5. ನೀರಿನ ಕೊಳವೆಯ ಪ್ರತಿಯೊಂದು ಸಂದಿಗೂ ಒಣ ಕಾಗದವನ್ನು ಒತ್ತಿ ನೋಡಬೇಕು, ಕಾಗದ ಹಸಿಯಾಗಕೂಡದು.

6. ಗೋಡೆ ಮುಚ್ಚುವ ಮೊದಲು ಕೊಳವೆಗಳ ಭಾವಚಿತ್ರ ತೆಗೆದಿಟ್ಟುಕೊಳ್ಳಬೇಕು. ಮುಂದೆ ಮೊಳೆ ಹೊಡೆಯುವಾಗ ಅದರ ಬೆಲೆ ತಿಳಿಯುತ್ತದೆ.

ಎರಡು ಎಚ್ಚರಿಕೆಗಳು

ಸಂಡಾಸನ್ನು ತೊಳೆಯುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಹಾಕಕೂಡದು. ಅವು ಸೇರಿದಾಗ ಹುಟ್ಟುವ ಕ್ಲೋರಿನ್ ವಾಯು ಚಿಕ್ಕ ಕೋಣೆಯಲ್ಲಿ ಶ್ವಾಸಕೋಶವನ್ನು ಸುಡುತ್ತದೆ. ಕಟ್ಟಿಕೊಂಡ ಕಮೋಡಿಗೆ ಆ್ಯಸಿಡ್ ಸುರಿದಿದ್ದರೆ, ಕೈಹಾಕುವ ಮುನ್ನ ಪ್ಲಂಬರನಿಗೆ ಅದನ್ನು ತಪ್ಪದೆ ಹೇಳಬೇಕು. ಹೇಳದಿದ್ದರೆ ಅವನ ಕಣ್ಣಿಗೇ ಅಪಾಯ.

ಇನ್ನೊಂದು ಎಚ್ಚರಿಕೆ ಇನ್ನೂ ಗಂಭೀರವಾದದ್ದು. ನಗರದ ಅಂಚಿನ ಅನೇಕ ವಸತಿಗಳಲ್ಲಿ ಸೆಪ್ಟಿಕ್ ಟ್ಯಾಂಕುಗಳಿವೆ. ಆಡುಮಾತಿನಲ್ಲಿ ಅವಕ್ಕೆ ‘ಸೇಫ್ಟಿ ಟ್ಯಾಂಕ್’ ಎನ್ನುತ್ತಾರೆ. ಆದರೆ ಅವುಗಳ ಒಳಗೆ ಕ್ಷೇಮವೆಂಬುದು ಇಲ್ಲವೇ ಇಲ್ಲ. ಮಲ ಕೊಳೆತು ಹುಟ್ಟುವ ವಾಯುವಿನಿಂದ, ಇಳಿದವನು ಒಂದೆರಡು ಉಸಿರಿನಲ್ಲಿಯೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಶಾಸನವು ಅಪರಾಧವೆಂದು ಸಾರಿದೆ. ಹೀರುವ ಯಂತ್ರದ ಗಾಡಿಯನ್ನೇ ಕರೆಸಬೇಕು. ‘ಐದು ನಿಮಿಷದ ಕೆಲಸ, ಇಳಿದುಬಿಡುತ್ತೇನೆ’ ಎಂದು ಕೆಲಸಗಾರನೇ ಮುಂದೆ ಬಂದರೂ ಬೇಡವೆನ್ನುವ ಧೈರ್ಯ ಸೊಸೈಟಿಯ ಪದಾಧಿಕಾರಿಗಳಿಗೆ ಇರಬೇಕು. ಅವನ ಮನೆಯಲ್ಲಿಯೂ ಸಂಜೆಗೆ ದಾರಿ ಕಾಯುವ ಮಕ್ಕಳಿದ್ದಾರೆ.

ಉಪಸಂಹಾರ

ವೈದ್ಯರನ್ನು ಆರಿಸುವಾಗ ಹತ್ತು ಜನರನ್ನು ವಿಚಾರಿಸುವ ಗೃಹಸ್ಥನು ಪ್ಲಂಬರನನ್ನು ಆರಿಸುವಾಗಲೂ ಇಬ್ಬರನ್ನಾದರೂ ವಿಚಾರಿಸುವುದು ವಿಹಿತ. ವೈದ್ಯನು ಬಂದ ರೋಗವನ್ನು ಕಳೆಯುತ್ತಾನೆ. ಒಳ್ಳೆಯ ಪ್ಲಂಬರನು ರೋಗ ಬರುವ ದಾರಿಯನ್ನೇ ಮುಚ್ಚುತ್ತಾನೆ. ಈ ಲೇಖನದಲ್ಲಿ ಹೇಳಿದುದೆಲ್ಲ ನೆನಪಿನಲ್ಲಿ ಉಳಿಯದಿದ್ದರೂ ಒಂದು ಮಾತು ಉಳಿದರೆ ಸಾಕು: ಕೆಲಸ ಮುಗಿಸಿ ಪ್ಲಂಬರನು ಚೀಲ ಕಟ್ಟುವ ಮುನ್ನ ಒಮ್ಮೆ ಬಗ್ಗಿ ನೋಡಬೇಕು. ಬಾಗಿನಲ್ಲಿ ಎರಡು ಅಂಗುಲ ನೀರು ಕದಲದೆ ನಿಂತಿದ್ದರೆ ಮನೆಯ ಕಾವಲುಗಾರ ಎಚ್ಚರವಾಗಿದ್ದಾನೆಂದು ತಿಳಿದು, ಅವನಿಗೆ ಸಲ್ಲಬೇಕಾದ ಹಣವನ್ನು ಸಂತೋಷದಿಂದ ಕೊಟ್ಟು ಕಳಿಸಬಹುದು.